ಫ್ಲ್ಯಾಶ್ ಇಲ್ಲದೆ ನಾಮಕರಣದ ಫೋಟೋ: ನನ್ನ ಅನುಭವ

"ಫ್ಲ್ಯಾಶ್ ಇಲ್ದೆ ನಾಮಕರಣ ಹೊಡೀತೀಯಾ? ಪೇಮೆಂಟ್ ಬಂದ ಹಾಗೇ" ಎಂದು ನಮ್ಮ ಫೀಲ್ಡಿನ ಹಿರಿಯರೊಬ್ಬರು ಹೇಳಿದ್ದರು. ಈಗ ನನಗೆ ಬರುವ ಮಗುವಿನ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಥ ಫೋಟೋ ನೋಡಿಯೇ ಬರುವುದು.

ಮೊದಲು ಛತ್ರದಲ್ಲಿ ಪ್ರಯತ್ನಿಸಿದೆ. ಆಗಲೇ ಇಲ್ಲ. ಒಂದು ಕಡೆ ಹಳದಿ ಬಲ್ಬು, ಇನ್ನೊಂದು ಕಡೆ ಎಲ್‌ಇಡಿ, ಮೇಲೆ ವಿಡಿಯೋದವರ ಲೈಟು. ಮಗುವಿನ ಒಂದು ಕೆನ್ನೆ ಹಸಿರು, ಇನ್ನೊಂದು ಕಿತ್ತಳೆ. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ, 6400ಕ್ಕೆ ಏರಿಸಿದರೆ ಚರ್ಮವೆಲ್ಲ ರವೆ ರವೆ. ಒಂದು ಪಾರ್ಟಿ ಬಾಕಿ ಮೂರು ಸಾವಿರ ಕೊಡಲೇ ಇಲ್ಲ.

ಆಮೇಲೆ ಮನೆಯಲ್ಲಿ ಮಾಡುವ ಕಾರ್ಯ ಮಾತ್ರ ಹಿಡಿದೆ. ತೊಟ್ಟಿಲು ಕಿಟಕಿಯಿಂದ ಮೂರ್ನಾಲ್ಕು ಅಡಿ ದೂರ. ಬೆಳಕು ತಲೆ ಕಡೆಯಿಂದ ಓರೆಯಾಗಿ ಬೀಳಬೇಕು, ಕಾಲಿನ ಕಡೆಯಿಂದ ಬಂದರೆ ಮೂಗಿನ ನೆರಳು ಹಣೆಗೆ ಏರುತ್ತದೆ. ಕಷ್ಟ ಇರುವುದು ಟ್ಯೂಬ್‌ಲೈಟ್ ಆರಿಸುವುದರಲ್ಲಿ. "ಶುಭಕಾರ್ಯದಲ್ಲಿ ದೀಪ ಆರಿಸ್ತಾರೇನಪ್ಪಾ?" ಅಂತಾರೆ ಅಜ್ಜಿಯರು. "ದೇವರ ದೀಪ ಉರೀಲಿ ಅಜ್ಜಿ, ಟ್ಯೂಬ್ ಮಾತ್ರ, ಹತ್ತೇ ನಿಮಿಷ" ಎಂದರೆ ಒಪ್ಪುತ್ತಾರೆ.

50 ಎಂಎಂ 1.8 ಲೆನ್ಸು ಸಾಕು (1.8 ಅಂದರೆ ಅದರ ಕಿಂಡಿ ಎಷ್ಟು ಅಗಲ ತೆರೆಯುತ್ತದೆ ಅನ್ನುವ ಲೆಕ್ಕ, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಎಂಟೊಂಬತ್ತು ಸಾವಿರಕ್ಕೆ ತಗೊಂಡಿದ್ದು. ಆದರೆ ಕಿಂಡಿ ಪೂರ್ತಿ ತೆರೆದು ಹೊಡೆದರೆ ಮಗು ಶಾರ್ಪ್, ಸೋದರತ್ತೆ ಮಸುಕು. ಹೆಸರಿಡುವ ಅತ್ತೆಯೇ ಮಸುಕಾದರೆ ಬಿಡ್ತಾರಾ? ಹಾಗಾಗಿ ಕಿಂಡಿ ಎಫ್ 2.8ಕ್ಕೆ ಕಿರಿದು ಮಾಡಿ, ಶಟರ್ ಸೆಕೆಂಡಿನ 1/250 ಭಾಗ, ಐಎಸ್‌ಒ 800ರಿಂದ 1600. ಕಿವಿಯಲ್ಲಿ ಹೆಸರು ಹೇಳಲು ಬಗ್ಗಿದಾಗ ಅವರ ತಲೆ ಕಿಟಕಿಗೆ ಅಡ್ಡ ಬರುತ್ತದೆ. ಅದಕ್ಕೇ ಅವರನ್ನು ಮೊದಲೇ ತೊಟ್ಟಿಲಿನ ಆಚೆ, ಕಿಟಕಿ ಇಲ್ಲದ ಬದಿಗೆ ನಿಲ್ಲಿಸುತ್ತೇನೆ.

ಕೆಂಪು ರೇಷ್ಮೆ ಸೀರೆ ಇನ್ನೊಂದು ತಲೆನೋವು. ಅದರ ಬಣ್ಣ ನೇರ ಮಗುವಿನ ಗಲ್ಲಕ್ಕೆ ಹೊಡೆಯುತ್ತದೆ. ಸಾವಿರದಿನ್ನೂರು ಕೊಟ್ಟು ಬೆಳಕನ್ನು ಮುಖಕ್ಕೆ ತಿರುಗಿಸುವ ಸಿಲ್ವರ್ ರಿಫ್ಲೆಕ್ಟರ್ ತಂದೆ, ಮಗು ಕಣ್ಣು ಕಿವುಚಿತು. ಥರ್ಮಾಕೋಲ್ ಕಿರ್ರೆಂದು ಸದ್ದು ಮಾಡಿ ಮಗುವನ್ನು ಎಬ್ಬಿಸಿತು. ಕೊನೆಗೆ ಗೆದ್ದದ್ದು ತಾತನ ಬಿಳಿ ಪಂಚೆ. ಜರಿ ಅಂಚು ಒಳಗೆ ಮಡಚಿ ಅಮ್ಮನ ಮಡಿಲಿಗೆ ಹಾಸಿದರೆ ಕೆಂಪೂ ಹೋಯಿತು, ನೆರಳೂ ತಿಳಿಯಾಯಿತು.

ತೊಟ್ಟಿಮನೆಯಲ್ಲೂ ಪ್ರಯೋಗ ಮಾಡಿದ್ದೇನೆ. ನಡುಮಧ್ಯಾಹ್ನ ಅಂಗಳದಲ್ಲಿ ಕಣ್ಣೆಲ್ಲ ಕಪ್ಪು ಗುಳಿ, ಜಗಲಿಗೆ ಸರಿದರೆ ಚಿನ್ನದಂಥ ಬೆಳಕು. ಮಗು ಕಿಟಕಿ ಕಡೆ ತಿರುಗುವಂತೆ ಹೇಗೆ ಮಾಡ್ತೀನಿ ಅಂತ ತುಂಬಾ ಜನ ಕೇಳ್ತಾರೆ. ಗಿಲಕಿ ಅಲ್ಲ, ಅಷ್ಟು ಮಾತ್ರ ಹೇಳ್ತೀನಿ.

ಈಗ ಅರ್ಧ ದಿನಕ್ಕೆ ಹನ್ನೆರಡು ಸಾವಿರದ ಆಸುಪಾಸು ತಗೊಳ್ಳುತ್ತೇನೆ. ಅರ್ಧ ಅಡ್ವಾನ್ಸ್ ಕೈಗೆ ಬಂದ ಮೇಲೆಯೇ ಮನೆಯ ಕಿಟಕಿ ನೋಡಲು ಹೋಗುವುದು.