15 ಕೆಜಿ ಬಾಟಿಗೆ ಪ್ಲಾಸ್ಟಿಕ್ ಕವಚ: ನನ್ನ ಅನುಭವ

ರೋಬೋಟ್ ಕಾಳಗಕ್ಕೆ ಕಟ್ಟಿದ ನಮ್ಮ ಬಾಟಿನ ಪಕ್ಕಗಳಿಗೆ ಯುಎಚ್‌ಎಂಡಬ್ಲ್ಯೂ ಅನ್ನುವ ಗಟ್ಟಿಮುಟ್ಟಾದ ಪಾಲಿಥಿನ್ ಪ್ಲಾಸ್ಟಿಕ್ಕಿನ ಹಲಗೆ ಹಾಕೋಣ ಅಂದಾಗ ನಮ್ಮ ತಂಡದಲ್ಲೇ ಯಾರೂ ಒಪ್ಪಲಿಲ್ಲ. "ತರಕಾರಿ ಹೆಚ್ಚೋ ಮಣೆ ಕಟ್ಕೊಂಡು ಸ್ಪಿನ್ನರ್ ಮುಂದೆ ಹೋಗ್ತೀಯಾ ಮಗಾ?" ಅಂದರು. ಸ್ಪಿನ್ನರ್ ಅಂದರೆ ಜೋರಾಗಿ ತಿರುಗುವ ಹಲ್ಲಿನ ಆಯುಧ ಇರುವ ಬಾಟ್. ಈ ಸಲದ ಸ್ಪರ್ಧೆ ಪೂರ್ತಿ ಅದೇ ಹಲಗೆಗಳಲ್ಲಿ ಆಡಿದೆವು. ಒಂದು ಮೋಟಾರಿನ ಶಾಫ್ಟ್ ಕೂಡ ಬಾಗಲಿಲ್ಲ. ಅಕ್ಕಪಕ್ಕದ ತಂಡದವರು ಬಂದು ಮುಟ್ಟಿ ನೋಡಿ ಹೋದರು.

ಇದಕ್ಕೂ ಮುಂಚೆ ದುಡ್ಡು ಚೆನ್ನಾಗಿಯೇ ಹೋಯಿತು. 6 ಎಂಎಂ ದಪ್ಪದ 6061 ದರ್ಜೆಯ ಅಲ್ಯೂಮಿನಿಯಂ, ಕಟಿಂಗ್ ಸೇರಿ 9 ಸಾವಿರದ ಹತ್ತಿರ. ಎದುರಾಳಿಯ ಆಯುಧದ ಹಲ್ಲು ಅದರಲ್ಲಿ ಕಚ್ಚಿಕೊಂಡು ಇಡೀ ಬಾಟನ್ನೇ ಎತ್ತಿ ಎಸೆಯುತ್ತಿತ್ತು. 3 ಎಂಎಂ ಎಂ.ಎಸ್. (ಸಾಧಾರಣ ಮೆತ್ತನೆ ಉಕ್ಕು) ಪ್ಲೇಟ್ ಮೊದಲ ಪೆಟ್ಟಿಗೇ ಒಳಗೆ ಬಾಗಿ ಚಕ್ರಕ್ಕೆ ಉಜ್ಜಿತು. ಪಾಲಿಕಾರ್ಬೊನೇಟ್ ಅಖಾಡಕ್ಕೆ ಇಳಿಯಲೇ ಇಲ್ಲ. ಸ್ಕ್ರೂ ಸಡಿಲವಾಗದಿರಲಿ ಅಂತ ಹಚ್ಚಿದ ಥ್ರೆಡ್ ಲಾಕರ್ ಅಂಟು ತಾಗಿ ತೂತಿನ ಸುತ್ತ ಬಿರುಕು ಬಿಟ್ಟಿತು. ಗ್ರೇಡ್ 5 ಟೈಟಾನಿಯಂ ರೇಟು ಕೇಳಿ ಸುಮ್ನೆ ವಾಪಸ್ ಬಂದೆವು.

20 ಎಂಎಂ ಯುಎಚ್‌ಎಂಡಬ್ಲ್ಯೂ ತೂಗುವಷ್ಟೇ ತೂಕಕ್ಕೆ ಉಕ್ಕು ತಗೊಂಡರೆ ಸಿಗುವುದು ಬರೀ 2.4 ಎಂಎಂ, ಅಲ್ಯೂಮಿನಿಯಂ ಆದರೆ 7 ಎಂಎಂ. ಅಷ್ಟು ತೆಳು ಉಕ್ಕು ಬಾಗಿದರೆ ಬಾಗಿದಂತೆಯೇ ಇರುತ್ತದೆ. ಈ ಪ್ಲಾಸ್ಟಿಕ್ ಪೆಟ್ಟು ತಿಂದು ಸಿಬಿರು ಉದುರಿಸುತ್ತದೆ, ಆಮೇಲೆ ತನ್ನ ಆಕಾರಕ್ಕೆ ಮರಳುತ್ತದೆ. ಹೊಡೆತದ ಜೋರು ಗೇರ್‌ಬಾಕ್ಸ್, ಬ್ಯಾಟರಿವರೆಗೆ ಅಷ್ಟಾಗಿ ಹೋಗುವುದಿಲ್ಲ. ನಮಗೆ ಬೇಕಿದ್ದದ್ದೂ ಅದೇ ಅಲ್ವಾ?

ಪೀಣ್ಯದಲ್ಲಿ ಕನ್ವೇಯರ್ ಕೆಲಸ ಮಾಡುವವರ ಹತ್ತಿರ ತುಂಡುಗಳು ಸಿಗುತ್ತವೆ. ಕೆಜಿಗೆ 300ರ ಆಸುಪಾಸು ಕೊಟ್ಟ ನೆನಪು. ಎರಡೂ ಪಕ್ಕ, ಹಿಂಭಾಗ ಎಲ್ಲ ಸೇರಿ 2 ಸಾವಿರ ದಾಟಲಿಲ್ಲ. ಅಂಗಡಿ ಯಾವುದು ಅಂತ ಕೇಳಬೇಡಿ!

ಈ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯಲ್ಲ, ಥ್ರೆಡ್ಡೂ ನಿಲ್ಲಲ್ಲ. ಆಚೆಯಿಂದ ಈಚೆಗೆ ಬೋಲ್ಟ್, ಅಗಲದ ವಾಷರ್, ನಡುವೆ ರಬ್ಬರ್ ಬುಷ್. ತೂತನ್ನು ಎಷ್ಟು ಸಡಿಲ ಬಿಡಬೇಕು, ಯಾವ ಕಡೆಗೆ ಉದ್ದ ಮಾಡಬೇಕು ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮುಂದಿನ ಸೀಸನ್ ಇದೆ.

ಮುಂಭಾಗಕ್ಕೆ ಮಾತ್ರ ಪ್ಲಾಸ್ಟಿಕ್ ಬೇಡ. ವರ್ಟಿಕಲ್ ಸ್ಪಿನ್ನರ್ (ಆಯುಧ ಲಂಬವಾಗಿ ತಿರುಗುವ ಬಾಟ್) ಅದನ್ನು ಕೆತ್ತಿ ಹಾಕುತ್ತದೆ. ಅಲ್ಲಿ 5 ಎಂಎಂ ಹಾರ್ಡಾಕ್ಸ್ 450 ಉಕ್ಕಿನ ವೆಜ್, ಅಂದರೆ ಇಳಿಜಾರು ತಟ್ಟೆ ಇದೆ. ಗಟ್ಟಿ ಉಕ್ಕಾದ್ದರಿಂದ ಹಲ್ಲಿಗೆ ಹಿಡಿತ ಸಿಗದೆ ಜಾರುತ್ತದೆ. ವೆಲ್ಡ್ ಮಾಡಿಸಿದ ಹಳೇ ವೆಜ್ ವೆಲ್ಡಿನ ಪಕ್ಕದಲ್ಲೇ ಬಾಗಿತ್ತು. ಕಾದ ಜಾಗ ಮೆತ್ತಗಾಗುತ್ತದೆ. ಈಗ ಬರೀ ಬೋಲ್ಟ್.

ನಡುವೆ ಗುಜರಿಯಿಂದ ಲಾರಿಯ ಪಟ್ಟಿ ಸ್ಪ್ರಿಂಗ್ ತಂದೂ ನೋಡಿದೆ. ಡ್ರಿಲ್ ಬಿಟ್‌ಗಳು ಸುಟ್ಟುಹೋದವು. ಕೆಂಪಗೆ ಕಾಯಿಸಿ, ನಿಧಾನ ಆರಿಸಿ, ತೂತು ಕೊರೆದು, ಮತ್ತೆ ಕಾಯಿಸಿ ಎಣ್ಣೆಗೆ ಅದ್ದಿದೆ. ಒಂದು ತುಂಡು ಅದ್ಭುತವಾಗಿ ಬಂತು, ಇನ್ನೊಂದು ಸುತ್ತಿಗೆ ಏಟಿಗೇ ಸೀಳಿತು. ಒಂದೇ ಥರ ಬರುವವರೆಗೆ ಅದನ್ನು ಬಾಟಿಗೆ ಹಾಕಲ್ಲ.

ಹಲಗೆ ಕತ್ತರಿಸುವಾಗ ಜಿಗ್‌ಸಾ ನಿಧಾನ ಓಡಿಸಿ, ಮರಕ್ಕೆ ಬಳಸುವ ದೊಡ್ಡ ಹಲ್ಲಿನ ಬ್ಲೇಡ್ ಹಾಕಿ. ಜೋರಾಗಿ ಓಡಿಸಿದರೆ ಪ್ಲಾಸ್ಟಿಕ್ ಕರಗಿ ಬ್ಲೇಡಿಗೇ ಮೆತ್ತಿಕೊಳ್ಳುತ್ತದೆ.