ಕೇಳ್ಕರ್ ಮ್ಯೂಸಿಯಂ ನೋಡುವುದಕ್ಕೆ ನಾನು ಹಿಡಿದ ದಾರಿ

ಪುಣೆಗೆ ಊರಿಂದ ಯಾರಾದರೂ ಬಂದರೆ ಶನಿವಾರವಾಡಾ, ದಗಡೂಶೇಠ್ ಗಣಪತಿ, ಸಿಂಹಗಡ ಆದ ಮೇಲೆ ರಾಜಾ ದಿನಕರ್ ಕೇಳ್ಕರ್ ಮ್ಯೂಸಿಯಂ ಹೆಸರು ಬಂದೇ ಬರುತ್ತದೆ. ಬಾಜೀರಾವ್ ರಸ್ತೆ ಪಕ್ಕದಲ್ಲೇ ಇದೆ. ಬಹಳ ಜನ ಮಹಡಿ ಹತ್ತಿ ಇಳಿದು, ಒಂದು ಗಂಟೆಯಲ್ಲಿ ಮುಗಿಸಿ ಹೊರಗೆ ಬರುತ್ತಾರೆ. ಏನು ನೋಡಿದಿರಿ ಅಂತ ಕೇಳಿದರೆ "ಎಲ್ಲಾ ಇತ್ತು" ಅನ್ನುತ್ತಾರೆ, ಅಷ್ಟೇ. ಅವರ ತಪ್ಪಲ್ಲ. ಅಲ್ಲಿನ ಸಂಗ್ರಹವೇ ಸುಮಾರು 20,000 ವಸ್ತುಗಳದ್ದು. ನಮ್ಮ ಕಣ್ಣಿಗೆ ಬೀಳುವುದು 2,500ರಷ್ಟು. ಅದೇ ಜಾಸ್ತಿ ಆಯಿತು.

ಕೋಥ್ರೂಡ್ ಕಡೆಯ ನಮ್ಮ ಕನ್ನಡ ಮನೆಗಳವರನ್ನು ನಾನು ಆಗಾಗ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ನಾನೇನು ಇತಿಹಾಸ ಓದಿದವನಲ್ಲ, ಬ್ಯಾಂಕಿನಲ್ಲಿ ಕೆಲಸ. ಹಾಗಾಗಿ ನಾನು ಅಲ್ಲಿ ಭಾಷಣ ಮಾಡುವುದಿಲ್ಲ. ಎರಡೇ ಎರಡು ಕೆಲಸ ಮಾಡುತ್ತೇನೆ. ಒಂದು ಸಲಕ್ಕೆ ಒಂದೇ ಬಗೆಯ ಸಾಮಾನು ಆರಿಸಿಕೊಳ್ಳುತ್ತೇನೆ. ಆ ಸಾಮಾನನ್ನು ಕೈಯಲ್ಲಿ ಹಿಡಿದು ಬಳಸಿದವರು ಒಬ್ಬರಾದರೂ ಜೊತೆಗೆ ಇರುವಂತೆ ನೋಡಿಕೊಳ್ಳುತ್ತೇನೆ.

ಎರಡನೆಯದೇ ಮುಖ್ಯ. ಯಾಕೆಂದರೆ ಇದು ರಾಜರ ಕಿರೀಟ ಇಟ್ಟ ಮ್ಯೂಸಿಯಂ ಅಲ್ಲ. ದಿನಕರ ಕೇಳ್ಕರ್ (1896–1990) ಕನ್ನಡಕದ ವ್ಯಾಪಾರದ ಮನೆಯವರು, 'ಅಜ್ಞಾತವಾಸಿ' ಹೆಸರಲ್ಲಿ ಮರಾಠಿ ಕವಿತೆ ಬರೆಯುತ್ತಿದ್ದರು. 1920ರ ಸುಮಾರಿಗೆ ಹಳೇ ಸಾಮಾನು ಕೂಡಿಸಲು ಶುರು ಮಾಡಿದರು. ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮಗ ರಾಜಾನ ಹೆಸರನ್ನು ಮ್ಯೂಸಿಯಂಗೆ ಇಟ್ಟರು. ಆಮೇಲೆ ಅಷ್ಟನ್ನೂ ಮಹಾರಾಷ್ಟ್ರ ಸರ್ಕಾರಕ್ಕೆ ಕೊಟ್ಟರು. ಅವರು ಕೂಡಿಸಿದ್ದು ದೀಪ, ಬೀಗ, ಬಾಚಣಿಗೆ, ಮಸಿಕುಡಿಕೆ, ಅಡುಗೆಮನೆ ಪಾತ್ರೆ, ವಾದ್ಯ, ಕೆತ್ತನೆಯ ಬಾಗಿಲು. ಹಿಮ್ಮಡಿ ಉಜ್ಜಿಕೊಳ್ಳುವ ವಜ್ರಿಯೂ ಉಂಟು! ಇಂಥವನ್ನು ನೋಡಿ ಮಾತಾಡಬೇಕಾದವರು ನಮ್ಮ ಅಜ್ಜಿಯರೇ ಅಲ್ವಾ?

ನಾನು ಒಂದು ವಾರ ಮೊದಲು, ಜನ ಕಡಿಮೆ ಇರುವ ದಿನ ಒಬ್ಬನೇ ಹೋಗಿ ಬರುತ್ತೇನೆ. ಬೇಕಾದದ್ದು ಯಾವ ಮಹಡಿಯಲ್ಲಿದೆ, ಯಾವ ಐದಾರು ವಸ್ತು ಸಾಕು, ವಯಸ್ಸಾದವರು ಎಲ್ಲಿ ಕೂತುಕೊಳ್ಳಬಹುದು, ಇಷ್ಟು ಬರೆದುಕೊಳ್ಳುತ್ತೇನೆ. ಮೊದಲ ಸಲ ಹೋಗುವವರಿಗೆ ಅಡಕೊತ್ತು ಒಳ್ಳೆಯದು. ಹಿತ್ತಾಳೆಯ ಮೈ, ಕಬ್ಬಿಣದ ಅಲಗು. ಒಂದು ಕುದುರೆ, ಇನ್ನೊಂದು ಹಕ್ಕಿ, ಮತ್ತೊಂದು ಗಂಡಹೆಂಡತಿ ಜೋಡಿ. ಮಕ್ಕಳಿಗೆ ಆಕಾರ ನೋಡಿಯೇ ಖುಷಿ.

ಹೋಗುವ ಹಿಂದಿನ ಸಂಜೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಶಿವಮೊಗ್ಗ ಕಡೆಯ ಒಬ್ಬ ಮಾವ ತಮ್ಮ ಮನೆಯ ಹಳೇ ಕಬ್ಬಿಣದ ಅಡಕೊತ್ತು ತರುತ್ತಾರೆ. ಅಡಿಕೆಯನ್ನು ಅಲಗಿನ ಬುಡದ ಹತ್ತಿರ ಯಾಕೆ ಇಡಬೇಕು, ತುದಿಯಲ್ಲಿಟ್ಟರೆ ಯಾಕೆ ಹಾರುತ್ತದೆ, ಎಲ್ಲವನ್ನೂ ಕತ್ತರಿಸಿಯೇ ತೋರಿಸುತ್ತಾರೆ. ಮಾರನೇ ದಿನ ಗಾಜಿನ ಆಚೆಗಿನ ಅಡಕೊತ್ತು ನೋಡುವಾಗ ಮಕ್ಕಳ ಕಣ್ಣು ನೇರ ಕೀಲಿಗೆ ಹೋಗುತ್ತದೆ. ಹೊಸ ಹುಡುಗರು "ಎಷ್ಟು ಚಂದ" ಅಂದರೆ ಮಾವ ಮಾತ್ರ "ಇದು ಕೈಗೆ ಚುಚ್ಚುತ್ತೆ ಮಾರಾಯ, ಬೀಗರಿಗೆ ತೋರಿಸೋಕೆ ಮಾಡಿಸಿದ್ದು" ಅಂದುಬಿಟ್ಟರು. ಹೌದಲ್ಲ! ಕುದುರೆಯ ಕಿವಿ ಸರಿಯಾಗಿ ಅಂಗೈಗೆ ಬರುತ್ತದೆ. ಫಲಕ ಓದಿದರೆ ಇದು ತಿಳಿಯುವುದಿಲ್ಲ.

ಅಲ್ಲಿಂದ ನಾನು ಕೇಳುವ ಪ್ರಶ್ನೆಗಳೂ ಬದಲಾದವು. ಯಾವ ಶತಮಾನ ಅಂತ ಶುರು ಮಾಡುವುದಿಲ್ಲ. ಎಲ್ಲಿ ಹಿಡಿಯುತ್ತಾರೆ? ಎಲ್ಲಿ ಸವೆದಿದೆ? ತೊಳೆಯುವುದು ಹೇಗೆ? ಯಾರ ಕೈ ಅಳತೆಗೆ ಮಾಡಿದ್ದು? ಮಕ್ಕಳಿಗೆ ಪೆನ್ಸಿಲ್ ಕೊಟ್ಟು ಸವೆದ ಜಾಗ ಮಾತ್ರ ಬರೆಯಿರಿ ಅನ್ನುತ್ತೇನೆ.

ಅತಿ ಹೆಚ್ಚು ಗಲಾಟೆ ಆದದ್ದು ಶ್ಯಾವಿಗೆ ಒತ್ತುವ ಸಾಧನದ ಮುಂದೆ. ಧಾರವಾಡದ ವೈನಿ ಒಬ್ಬರು ಅದನ್ನು ಒಪ್ಪಲೇ ಇಲ್ಲ. "ಒತ್ತಿದ್ದು ಎಂಥಾ ಶ್ಯಾವಿಗಿರೀ? ಹಿಟ್ಟು ನಾದಿ, ಮಣಿ ಮ್ಯಾಲ ಕೈಲೆ ಹೊಸೀಬೇಕು, ಕೋಲಿಗೆ ಹಾಕಿ ಒಣಗಸ್ಬೇಕು" ಅಂದರು. ಅವರದು ಗೋಧಿ ಶ್ಯಾವಿಗೆ, ಬೇಸಿಗೆಯಲ್ಲಿ ಮಾಡಿ ವರ್ಷಕ್ಕೆ ಇಡುವುದು. ಶಿವಮೊಗ್ಗದ ಅತ್ತೆಗೆ ಶ್ಯಾವಿಗೆ ಅಂದರೆ ಅಕ್ಕಿ ಹಿಟ್ಟಿನ ಉಂಡೆ ಬೇಯಿಸಿ, ಬಿಸಿ ಇರುವಾಗಲೇ ಒರಳಿನಲ್ಲಿ ಒತ್ತಿ, ಕಾಯಿಹಾಲಿನ ಜೊತೆ ಅವತ್ತೇ ತಿನ್ನುವುದು. "ಆರಿದರೆ ಇಬ್ಬರು ಗಂಡಸರು ನೇತಾಡಿದರೂ ಇಳಿಯಲ್ಲ" ಅಂದರು ಅತ್ತೆ. ಮಾತು ಜೋರಾಗಿ, ಕಾವಲಿನವರು ಹತ್ತಿರ ಬಂದು ನಿಂತರು. ಏನು ವಿಷಯ ಅಂತ ಮರಾಠಿಯಲ್ಲಿ ಹೇಳಿದೆ. ಅವರು ನಕ್ಕು ತಮ್ಮ ಮನೆಯ ಶೇವಯಾ ಕತೆ ಶುರು ಮಾಡಿದರು. ಆಮೇಲೆ ನಾನು ಸುಮ್ನೆ ಪಕ್ಕಕ್ಕೆ ಸರಿದೆ.

ಮಸ್ತಾನಿ ಮಹಲ್ ವಿಷಯಕ್ಕೆ ಒಂದು ಮಾತು. ಮಸ್ತಾನಿ ಅಂದರೆ ಪೇಶ್ವೆ ಒಂದನೇ ಬಾಜೀರಾಯನ ಹೆಂಡತಿ. ಕೋಥ್ರೂಡ್‌ನಲ್ಲಿದ್ದ ಅವಳ ಮನೆಯ ಭಾಗಗಳನ್ನು ತಂದು ಇಲ್ಲಿ ಜೋಡಿಸಿದ್ದಾರೆ. 'ಬಾಜೀರಾವ್ ಮಸ್ತಾನಿ' ಸಿನಿಮಾ ನೋಡಿದವರೆಲ್ಲ ಮೊದಲು ಅಲ್ಲಿಗೇ ಓಡುತ್ತಾರೆ, ಫೋಟೋ ಕೇಳುತ್ತಾರೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ತೋರಿಸಿದರೆ ಆಮೇಲೆ ಪಾತ್ರೆ ಪಡಗ ನೋಡಲು ಯಾರಿಗೂ ಮನಸ್ಸಿರುವುದಿಲ್ಲ.

ಎಂಟು ಹತ್ತು ಜನಕ್ಕಿಂತ ಜಾಸ್ತಿ ಬೇಡ, ಗಾಜಿನ ಪೆಟ್ಟಿಗೆ ಮುಂದೆ ಹಿಂದಿನವರಿಗೆ ಏನೂ ಕಾಣುವುದಿಲ್ಲ. ಕಾರು ಬೇಡವೇ ಬೇಡ, ಪೇಟೆಯ ಗಲ್ಲಿಗಳಲ್ಲಿ ನಿಲ್ಲಿಸಲು ಜಾಗವಿಲ್ಲ. ರಿಕ್ಷಾ ಹಿಡಿಯಿರಿ. ಒಂದೂವರೆ ಗಂಟೆ ಆದ ಕೂಡಲೇ ಹೊರಡಿ. ತುಳಶೀಬಾಗ್ ಅಲ್ಲೇ ನಡೆದು ಹೋಗುವ ದೂರ. ಹಿತ್ತಾಳೆ, ಸ್ಟೀಲು, ಪೂಜೆ ಸಾಮಾನು ಎಲ್ಲ ಸಿಗುವ ಜಾಗ. ಒಳಗೆ ಗಾಜಿನ ಹಿಂದೆ ಕಂಡದ್ದರ ಈಗಿನ ರೂಪಗಳನ್ನು ಇಲ್ಲಿ ಕೈಯಲ್ಲಿ ಹಿಡಿದು ತೂಗಬಹುದು, ಚೌಕಾಸಿ ಮಾಡಬಹುದು. ವೈನಿ ಅವತ್ತು ಅಲ್ಲಿ ಚಕ್ಕುಲಿ ಒತ್ತುವ ಒರಳು ಕೊಂಡರು. ಶ್ಯಾವಿಗೆಯ ಬಿಲ್ಲೆ ಮಾತ್ರ ಬೇಡ ಅಂತ ಅಂಗಡಿಯವನಿಗೆ ವಾಪಸ್ ಕೊಟ್ಟರು.