ಮೊರ ಕಟ್ಟಿಕೊಂಡು ಹಿಮ ತುಳಿದ ಕಲಬುರಗಿ ಮಂದಿ: ನನ್ನ ಅನುಭವ

ಹದಿನೇಳು ವರ್ಷದಿಂದ ಕಾಶಿ, ಗಯಾ, ಕೇದಾರನಾಥ ಎಂದು ಮಂದಿಯನ್ನು ಕರೆದುಕೊಂಡು ಹೋಗಿ ಬಂದವನು ನಾನು. ಸ್ನೋಶೂ, ಅಂದರೆ ಹಿಮದಲ್ಲಿ ಕಾಲು ಹೂಳದಂತೆ ಬೂಟಿನ ಕೆಳಗೆ ಕಟ್ಟಿಕೊಳ್ಳುವ ಅಗಲ ಚೌಕಟ್ಟು; ಅದನ್ನು ಕಟ್ಟಿಕೊಂಡು ನಡೆಯುವ ಪ್ರವಾಸದ ಮಾತು ತೆಗೆದಾಗ ನಮ್ಮ ಕಸುಬಿನ ಗೆಳೆಯರೊಬ್ಬರು, "ಮೇ ತಿಂಗಳಲ್ಲಿ 43 ಡಿಗ್ರಿ ಬಿಸಿಲುಂಡು ಬೆಳೆದ ಮಂದಿ ಇವರು. ಹಿಮದಲ್ಲಿ ಅರ್ಧ ತಾಸು ನಿಲ್ಲಿಸಿ ಫೋಟೊ ತೆಗೆಸು, ಕೆಳಗೆ ಕರೆದುಕೊಂಡು ಬಾ. ನಡೆಸಲು ಹೋಗಿ ಕೈ ಸುಟ್ಟುಕೊಳ್ಳಬೇಡ" ಎಂದರು. ಮೊದಲೆರಡು ಸಲ ಅವರು ಹೇಳಿದ್ದೇ ಆಯಿತು. ಮೂರನೆಯ ಸಲ ಕೂಡಿಬಂತು, ನಾಲ್ಕನೆಯದೂ ಐದನೆಯದೂ ಕೂಡಿಬಂದವು. ಈಗ ಅದೇ ಗೆಳೆಯರು ಫೋನ್ ಮಾಡಿ "ಹೇಗೆ ಮಾಡಿದೆ ಹೇಳು" ಎನ್ನುತ್ತಾರೆ. ಒಬ್ಬೊಬ್ಬರಿಗೂ ಹೇಳುತ್ತ ಕೂರುವ ಬದಲು ಒಮ್ಮೆ ಬರೆದುಬಿಡುತ್ತೇನೆ. ರೈಲಿನ ಗುಂಪು ಟಿಕೆಟ್, ದೆಹಲಿಯ ವೋಲ್ವೊ, ಹೋಟೆಲ್ ಕಮಿಷನ್ ಎಲ್ಲ ನಿಮಗೆ ಗೊತ್ತಿರುವುದೇ; ಅದನ್ನು ಬಿಡುತ್ತೇನೆ.

ಮೊದಲ ತಂಡ 2022ರ ಡಿಸೆಂಬರ್ ಕೊನೆಯ ವಾರದ್ದು. ಹನ್ನೊಂದು ಜನ. ಶಾಲೆಗೆ ರಜೆ, ಕಚೇರಿಗೆ ರಜೆ ಎಂದು ಅದೇ ವಾರ ಹಿಡಿದೆ. ಇಡೀ ಉತ್ತರ ಭಾರತವೂ ಅದೇ ವಾರ ಹಿಡಿದಿತ್ತು. ಮನಾಲಿಯಲ್ಲಿ ಕೋಣೆಯ ದರ ದುಪ್ಪಟ್ಟು, ಸೋಲಂಗ್ ಕಣಿವೆಯಲ್ಲಿ ಹಳದಿ ಹುಲ್ಲು ಮತ್ತು ಕೆಸರು. ಬಾಡಿಗೆಗೆ ತಂದ ಸ್ನೋಶೂ ಕಟ್ಟಿಕೊಂಡು ಹುಲ್ಲಿನ ಮೇಲೆ ನಡೆದು ಫೋಟೊ ತೆಗೆಸಿಕೊಂಡೆವು. ಆ ಫೋಟೊಗಳು ಇನ್ನೂ ನನ್ನ ಮೊಬೈಲ್‌ನಲ್ಲಿವೆ, ಸೊಕ್ಕು ಬಂದಾಗ ತೆಗೆದು ನೋಡುತ್ತೇನೆ. ಊರಿಗೆ ಬಂದ ಮೇಲೆ ಅರ್ಧ ಹಣ ವಾಪಸು ಕೊಟ್ಟೆ. ಹೋದದ್ದು 68 ಸಾವಿರದ ಆಸುಪಾಸು.

ಹಠಕ್ಕೆ ಬಿದ್ದು ತಿಂಗಳೊಪ್ಪತ್ತಿನಲ್ಲೇ, ಜನವರಿ ಕೊನೆಗೆ, ಎರಡನೆಯ ತಂಡ ಹೊರಡಿಸಿದೆ. ಈ ಸಲ ಮನಾಲಿಯಿಂದ ಪರ್ವತದ ಆಚೆ, ಲಾಹೌಲ್ ಕಡೆಯ ಸಿಸ್ಸು ಹಳ್ಳಿ. 2020ರಲ್ಲಿ ಒಂಬತ್ತು ಕಿಲೋಮೀಟರಿನ ಅಟಲ್ ಸುರಂಗ ತೆರೆದ ಮೇಲೆ ಚಳಿಗಾಲದಲ್ಲೂ ಅಲ್ಲಿಗೆ ಹೋಗಬಹುದು ಎಂಬುದು ನನ್ನ ಲೆಕ್ಕ. ಸುರಂಗ ಗಟ್ಟಿ, ನಿಜ. ಅದರ ಬಾಯಿಯವರೆಗಿನ ರಸ್ತೆಯನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಿಮ ಸುರಿದು ಗಾಡಿಗಳನ್ನು ಕೆಳಗೇ ತಡೆದರು. ಮೂರು ದಿನ ಮನಾಲಿಯ ಕೋಣೆಯಲ್ಲಿ ಇಸ್ಪೀಟು. ಸಿಸ್ಸುವಿನ ವಸತಿಗೃಹದವರು ಮುಂಗಡ ಹಿಂದಿರುಗಿಸಲಿಲ್ಲ. ಇನ್ನೊಂದು ನಲವತ್ತು ಸಾವಿರ ಹೋಯಿತು.

ಆದರೆ ಆ ತಂಡವೇ ನನಗೆ ಪಾಠ ಕಲಿಸಿದ್ದು. ನಾಲ್ಕನೆಯ ದಿನ ಮನಾಲಿಯ ಮೇಲಿನ ಒಂದು ತೋಟದಲ್ಲಿ ಸೊಂಟದ ಮಟ್ಟ ಹಿಮ ಸಿಕ್ಕಿತು. ಎಲ್ಲರಿಗೂ ಸ್ನೋಶೂ ಕಟ್ಟಿಸಿದೆ. ನಮ್ಮ ಗಂಜಿನ (ದವಸದ ಪೇಟೆಯ) ಸಾಹುಕಾರರೊಬ್ಬರು, ತೂಕ 104 ಕಿಲೊ, ಮೂರನೆಯ ಹೆಜ್ಜೆಗೆ ತೊಡೆಯವರೆಗೆ ಇಳಿದರು. ನಾನು ಕೊಟ್ಟದ್ದು 25 ಇಂಚಿನ ಜೋಡಿ. ಆ ತೂಕಕ್ಕೆ 30 ಇಂಚಿನದು ಬೇಕಿತ್ತು. ಅವರು ಬೈಯಲಿಲ್ಲ. ಹಾಗೇ ಹಿಮದಲ್ಲಿ ಕುಳಿತು, ಕಿಸೆಯಿಂದ ಶೇಂಗಾ ಹೋಳಿಗೆ ತೆಗೆದು, ಕೈಗವಸನ್ನು ಹಲ್ಲಿನಿಂದ ಎಳೆದು ಪಕ್ಕಕ್ಕಿಟ್ಟು, ನಿಧಾನವಾಗಿ ತಿನ್ನತೊಡಗಿದರು. ಉಳಿದವರು ತಮ್ಮ ಎಡಗಾಲಿನಿಂದ ತಮ್ಮದೇ ಬಲಗಾಲಿನ ಸ್ನೋಶೂ ತುಳಿದು ಮಗುಚಿಕೊಳ್ಳುತ್ತಿದ್ದರು. ಒಬ್ಬರು ಹಿಂದಕ್ಕೆ ಹೆಜ್ಜೆ ಇಟ್ಟರು. ಸ್ನೋಶೂವಿನ ಬಾಲ ಹಿಮಕ್ಕೆ ಸಿಕ್ಕಿ ಅಂಗಾತ ಬಿದ್ದರು. ಮೇಲಾಗಿ ಎಲ್ಲರ ಮೈಮೇಲೂ ಹತ್ತಿಯ ಬನಿಯನ್. ಏರುವಾಗ ಬೆವರಿಗೆ ಒದ್ದೆ, ನಿಂತಾಗ ಅದೇ ಒದ್ದೆ ಐಸು.

ಅಲ್ಲಿ ನಿಂತು ಲೆಕ್ಕ ಹಾಕಿದೆ. ಮೂರು ದಿನದ ಹಿಮಕ್ಕೆಂದು ಎರಡು ಸಾವಿರ ಕಿಲೋಮೀಟರ್ ದಾಟಿ ಬರುತ್ತೇವೆ, ಅದರಲ್ಲಿ ಒಂದೂವರೆ ದಿನ ನಡಿಗೆ ಕಲಿಯುವುದರಲ್ಲೇ ಹೋಗುತ್ತದೆ. ನಡಿಗೆಯನ್ನು ಕಲಬುರಗಿಯಲ್ಲೇ ಕಲಿಸಿದರೆ? ಇದನ್ನು ಹೇಳಿದಾಗ ಗೆಳೆಯರು ನಕ್ಕ ನಗು ಇನ್ನೂ ಕಿವಿಯಲ್ಲಿದೆ.

ಮೊದಲು ಅಭ್ಯಾಸಕ್ಕೆ ಜೋಡಿಗಳು ಬೇಕಿದ್ದವು. ನಿಜವಾದ ಸ್ನೋಶೂ ಒಂದು ಜೋಡಿ ಹತ್ತು ಸಾವಿರದ ಮೇಲೆ. ನನ್ನ ಕಣ್ಣಿಗೆ ಅದು ಥೇಟು ಮೊರ. ಮೇದಾರರ ಓಣಿಗೆ ಹೋಗಿ ಬಿದಿರಿನಲ್ಲಿ ಅದೇ ಅಳತೆಗೆ ಹೆಣೆಸಿದೆ. ಮನೆಗೆ ತಂದಾಗ ಅವ್ವ ಕೆಂಡವಾದಳು: "ಮೊರ ಲಕ್ಷ್ಮಿ, ಅದನ್ನು ಕಾಲಿಗೆ ಕಟ್ಟುತ್ತೀಯಾ?" ವಾಪಸು ಹೋಗಿ ಎರಡೂ ತುದಿ ದುಂಡಾಗಿಸಿ, ಬಾಲ ಬಿಡಿಸಿ, ಮೊರದ ಹೋಲಿಕೆ ಅಳಿಸಿದೆ. ಅವ್ವ ಒಪ್ಪಿದಳು, ಆದರೆ ಹೆಸರು ಮೊರ ಎಂದೇ ಉಳಿಯಿತು. ಮೊದಲ ಜೋಡಿ ಕಾಲು ತಾಸಿಗೆ ಮುರಿಯಿತು. ಎರಡನೆಯದರ ಅಂಚಿಗೆ ಇಡೀ ಬಿದಿರಿನ ಸೀಳು ಕೊಡಿಸಿದೆ, ಅದು ನಿಂತಿತು. ಜೋಡಿಗೆ 350 ರೂಪಾಯಿಯಂತೆ ಆರು ಜೋಡಿ. ಪಟ್ಟಿಗೆ ಸೈಕಲ್ ಟ್ಯೂಬ್.

ಎಲ್ಲಿ ನಡೆಸುವುದು? ಮೊದಲು ಗಾಣಗಾಪುರದ ಸಂಗಮದ ಹತ್ತಿರ ಭೀಮಾ ನದಿಯ ಮರಳಿನಲ್ಲಿ ನಾನೊಬ್ಬನೇ ನಡೆದು ನೋಡಿದೆ. ಸ್ನಾನಕ್ಕೆ ಬಂದ ಅಜ್ಜಿಯೊಬ್ಬರು ಕೈಮುಗಿದು "ಇದು ಯಾವ ಹರಕೆಯಪ್ಪಾ" ಎಂದರು. ಮರಳು ಗಟ್ಟಿ, ಕಾಲು ಇಳಿಯುವುದಿಲ್ಲ, ಹಾಗಾಗಿ ಏನೂ ಕಲಿಯಲಾಗುವುದಿಲ್ಲ. ಮುಂದಿನದು ಮಳೆ ಬಿದ್ದ ಎರೆ ಹೊಲ. ಹತ್ತು ಹೆಜ್ಜೆಗೆ ಒಂದೊಂದು ಕಾಲಿಗೆ ಮೂರು ಕಿಲೊ ಮಣ್ಣು ಮೆತ್ತಿತು, ಹನ್ನೊಂದನೆಯ ಹೆಜ್ಜೆಗೆ ಮೊರ ಅಲ್ಲೇ ಉಳಿದು ಕಾಲು ಮಾತ್ರ ಮೇಲೆ ಬಂತು.

ಉತ್ತರ ಸಿಕ್ಕಿದ್ದು ಆಳಂದ ರಸ್ತೆಯ ನಮ್ಮ ಭಾವನವರ ಕಣದಲ್ಲಿ. ಡಿಸೆಂಬರ್, ಜನವರಿ ಎಂದರೆ ನಮ್ಮಲ್ಲಿ ತೊಗರಿ ರಾಶಿಯ ಕಾಲ. ರಾಶಿ ಮುಗಿದ ಮೇಲೆ ಹೊಟ್ಟಿನ ಗುಡ್ಡೆ ಬಿದ್ದಿರುತ್ತದೆ. ಅದರ ಮೇಲೆ ಬರಿಗಾಲಿಟ್ಟರೆ ಮೊಣಕಾಲವರೆಗೆ ಇಳಿಯುತ್ತದೆ, ಮೊರ ಕಟ್ಟಿ ಇಟ್ಟರೆ ನಾಲ್ಕು ಬೆರಳು ಇಳಿದು ನಿಲ್ಲುತ್ತದೆ. ಹೊಸ ಹಿಮವೂ ಹೀಗೇ. ಎರಡು ಗಾಡಿ ಹೊಟ್ಟನ್ನು ಎರಡಡಿ ದಪ್ಪ, ಅರವತ್ತು ಅಡಿ ಉದ್ದ ಹರಡಿ, ಒಂದು ತುದಿಯಲ್ಲಿ ಗುಡ್ಡೆಯನ್ನು ಹಾಗೇ ಬಿಟ್ಟು ಏರು ಮಾಡಿಕೊಂಡೆ. ನಾಲ್ಕು ಭಾನುವಾರ ಅಲ್ಲಿಯೇ ಪಾಠ. ದೂಳಿಗೆ ಮೂಗಿಗೆ ಬಟ್ಟೆ ಕಟ್ಟಬೇಕು, ತುಂಬು ತೋಳಿನ ಅಂಗಿ ಬೇಕು; ಇಲ್ಲದಿದ್ದರೆ ಸಂಜೆಯವರೆಗೆ ಮೈ ತುರಿಸುತ್ತದೆ. ಭಾವನವರ ದೂರು ಬೇರೆಯೇ: "ನಿನ್ನ ಮಂದಿ ತುಳಿದ ಹೊಟ್ಟನ್ನು ನನ್ನ ಎತ್ತುಗಳು ಮೂಸಿಯೂ ನೋಡುವುದಿಲ್ಲ."

ಕಲಿಸುವುದು ನಾಲ್ಕೇ ಮಾತು. ಕಾಲು ಒಂದು ಗೇಣು ಅಗಲ ಇಟ್ಟು ನಡೆ. ಹಿಂದಕ್ಕೆ ಹೆಜ್ಜೆ ಇಡಲೇಬೇಡ; ತಿರುಗಬೇಕಾದರೆ ಎತ್ತಿನ ಗಾಡಿ ಹೊರಳಿಸಿದಂತೆ ದೊಡ್ಡ ಸುತ್ತು ಹಾಕು. ಏರುವಾಗ ಮುಂಗಾಲು ಒದ್ದು ಊರು, ಇಳಿಯುವಾಗ ಮೊಣಕಾಲು ಮಡಿಸಿ ಹಿಮ್ಮಡಿಯ ಮೇಲೆ ಭಾರ ಹಾಕು. ಬಿದ್ದರೆ ಗಾಬರಿಯಾಗದೆ ಮಗ್ಗುಲಿಗೆ ಹೊರಳಿ, ಎರಡೂ ಮೊರಗಳನ್ನು ಮೈಯ ಕೆಳಗೆ ತಂದುಕೊಂಡು ಏಳು. ಕೊನೆಯದನ್ನೇ ಹೆಚ್ಚು ಮಾಡಿಸಬೇಕು. ಒಬ್ಬೊಬ್ಬರನ್ನೂ ಇಪ್ಪತ್ತು ಸಲ ಬೀಳಿಸಿ ಎಬ್ಬಿಸಿದ್ದೇನೆ. ನಿವೃತ್ತ ಶಿಕ್ಷಕಿಯೊಬ್ಬರು, ವಯಸ್ಸು ಅರವತ್ತೊಂದು, ಎರಡನೆಯ ಭಾನುವಾರಕ್ಕೇ ಎಲ್ಲರಿಗಿಂತ ಚೆನ್ನಾಗಿ ಏಳುತ್ತಿದ್ದರು. ಜಿಮ್‌ಗೆ ಹೋಗುವ ಇಬ್ಬರು ಹುಡುಗರಿಗೆ ಮೂರು ವಾರ ಬೇಕಾಯಿತು.

2024ರ ಫೆಬ್ರುವರಿ ಎರಡನೆಯ ವಾರ ಮೂರನೆಯ ತಂಡ ಹೊರಟಿತು, ಹದಿನಾಲ್ಕು ಜನ. ಆ ವರ್ಷ ಜನವರಿ ಪೂರ್ತಿ ಒಣ. ಊರಿನಲ್ಲಿ ಎಲ್ಲರೂ "ಮತ್ತೆ ಹುಲ್ಲಿನ ಮೇಲೆ ಫೋಟೊ" ಎಂದು ಕಿಚಾಯಿಸುತ್ತಿದ್ದರು. ತಿಂಗಳ ಕೊನೆಗೆ ಸುರಿಯಿತು ನೋಡಿ. ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದು ದೆಹಲಿ, ಅಲ್ಲಿಂದ ರಾತ್ರಿ ಬಸ್ಸಿಗೆ ಮನಾಲಿ, ಅಲ್ಲಿ ಒಂದು ರಾತ್ರಿ ಮೈ ಹೊಂದಿಸಿಕೊಂಡು ಮರುದಿನ ಮನಾಲಿ ಹತ್ತಿರದ ಪ್ರೀಣಿ ಊರಿನ ಮೇಲಿನ ಸೇಥನ್. ಸುಮಾರು 2,700 ಮೀಟರ್ ಎತ್ತರದ ಸಣ್ಣ ಬೌದ್ಧ ಹಳ್ಳಿ. ಸಿಸ್ಸು ಬಿಟ್ಟು ಇದನ್ನು ಹಿಡಿದದ್ದಕ್ಕೆ ಕಾರಣ ಒಂದೇ: ರಸ್ತೆ ಮುಚ್ಚಿದರೂ ಕೊನೆಯ ತುಂಡನ್ನು ನಡೆದೇ ಸೇರಬಹುದು. ಹಾಗೇ ಆಯಿತು. ಕೊನೆಯ ಎರಡು ಕಿಲೋಮೀಟರ್ ಜೀಪು ಏರಲಿಲ್ಲ, ನಮ್ಮವರು ಇಳಿದು, ಯಾರೂ ಹೇಳದೆ ತಾವೇ ಸ್ನೋಶೂ ಕಟ್ಟಿಕೊಂಡು ಸಾಲು ಹಿಡಿದರು. ಮುಂದಿದ್ದ ಗೈಡ್ ಹುಡುಗ ತಿರುಗಿ ನೋಡಿ, ಇವರು ಹಿಂದೆ ಎಲ್ಲಿ ನಡೆದಿದ್ದರು ಎಂದು ಕೇಳಿದ. ತೊಗರಿ ಹೊಟ್ಟಿನ ಮೇಲೆ ಎಂದೆ. ಅವನಿಗೆ ಅರ್ಥವಾಗಲಿಲ್ಲ, ಇವತ್ತಿಗೂ ಆಗಿಲ್ಲ.

ಭಾಷೆಯ ತೊಂದರೆ ನಮ್ಮ ಮಂದಿಗೆ ಇಲ್ಲ, ದಖನಿ, ಅಂದರೆ ನಮ್ಮ ಕಡೆಯ ಹಿಂದಿ-ಉರ್ದು, ಎಲ್ಲರಿಗೂ ಬರುತ್ತದೆ. ಒಬ್ಬರು ಇಳಿಜಾರಿನಲ್ಲಿ ಹೆದರಿ "ನಕ್ಕೋ, ನಕ್ಕೋ" (ಬೇಡ, ಬೇಡ) ಎಂದು ಕೂಗಿದಾಗ ಮಾತ್ರ ಗೈಡ್, ನಕ್ಕೋ ಎಂಬುವವರು ಯಾರು ಎಂದು ಹುಡುಕಿದ.

ಗೈಡ್ ವಿಷಯದಲ್ಲಿ ನಾನು ದುಡ್ಡು ಉಳಿಸುವುದಿಲ್ಲ. ಐದು ಜನಕ್ಕೊಬ್ಬ, ಪರ್ವತಾರೋಹಣದ ಕೋರ್ಸ್ ಮುಗಿಸಿದವನೇ ಆಗಬೇಕು, ಬೆನ್ನಿಗೆ ಸಲಿಕೆ ಇರಬೇಕು. ಹೊಸ ಹಿಮ ಸುರಿದ ಮೇಲೆ ಒಂದೆರಡು ದಿನ ಕಡಿದಾದ ಕಡೆ ಕಾಲಿಡುವುದಿಲ್ಲ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ. ನಾವು 20 ದಾಟುವುದಿಲ್ಲ, ಅಂಥ ಇಳಿಜಾರಿನ ಬುಡದಲ್ಲೂ ಹಾಯುವುದಿಲ್ಲ. ದೇವದಾರು ಮರಗಳ ನಡುವೆ, ಬಯಲಿನಲ್ಲಿ, ದಿನಕ್ಕೆ ಐದಾರು ಕಿಲೋಮೀಟರ್. ಹೊಸ ಹಿಮ ತುಳಿದು ದಾರಿ ಮಾಡುವ ಮುಂದಿನವನನ್ನು ಹತ್ತು ನಿಮಿಷಕ್ಕೊಮ್ಮೆ ಬದಲಿಸುತ್ತೇವೆ. ಕಪ್ಪು ಕನ್ನಡಕ ತೆಗೆಯಲು ಬಿಡುವುದಿಲ್ಲ. ಮೊದಲ ವರ್ಷ ಒಬ್ಬರು ಮನಾಲಿಯಲ್ಲಿ ಹತ್ತು ರೂಪಾಯಿಯ ಕನ್ನಡಕ ಹಾಕಿಕೊಂಡು ಹಿಮ ನೋಡಿ ಕಣ್ಣು ಉರಿ ಎಂದು ರಾತ್ರಿಯಿಡೀ ಅತ್ತಿದ್ದರು.

ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ನಾವೇ ಒಯ್ಯುತ್ತೇವೆ. ಸೇಥನ್‌ನಲ್ಲಿ ನಾವು ಉಳಿಯುವ ಮನೆಯವರು ಮಾಡುವ ರಾಜ್ಮಾ ಜೊತೆ ಖಡಕ್ ರೊಟ್ಟಿ ಮುರಿದು ಹಾಕಿಕೊಂಡು ತಿಂದರೆ ಬೇರೇನೂ ಬೇಡ. ಅವರ ಸಿಡ್ಡು ಎಂಬ ಹಬೆಯ ರೊಟ್ಟಿಗೆ ತುಪ್ಪ ಸುರಿದು ಕೊಡುತ್ತಾರೆ, ನಮ್ಮವರು ಅದಕ್ಕೆ ಶೇಂಗಾ ಹಿಂಡಿ ಹಚ್ಚಿ ಅವರಿಗೇ ತಿನ್ನಿಸಿದರು. ರಾತ್ರಿ ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗೆ ಹೋಗುತ್ತದೆ. ಎಲ್ಲರೂ ತಂದೂರ್ ಸುತ್ತ ಕೂರುವುದು; ಅಲ್ಲಿ ತಂದೂರ್ ಎಂದರೆ ಕೋಣೆ ಕಾಯಿಸುವ ಕಬ್ಬಿಣದ ಒಲೆ.

ಒಂದು ಅಡ್ಡ ಪ್ರಯೋಗ. ಮಧ್ಯಾಹ್ನ ಬಿಸಿಲೇರಿದರೆ ಹಿಮ ಒದ್ದೆಯಾಗಿ ಸ್ನೋಶೂವಿನ ತಳದ ಹಲ್ಲುಗಳಿಗೆ ಉಂಡೆ ಕಟ್ಟುತ್ತದೆ, ನಮ್ಮ ಎರೆ ಮಣ್ಣಿನ ಹಾಗೆಯೇ. ತಳಕ್ಕೆ ಶೇಂಗಾ ಎಣ್ಣೆ ಸವರಿದೆ. ಚಳಿಗೆ ಎಣ್ಣೆ ಪೇಸ್ಟ್ ಆಗಿ ಇನ್ನಷ್ಟು ಹಿಮ ಹಿಡಿದುಕೊಂಡಿತು, ವಾಸನೆಗೆ ಹಳ್ಳಿಯ ನಾಯಿಗಳು ಬೆನ್ನು ಹತ್ತಿದವು. ಮರುದಿನ ಮೇಣದಬತ್ತಿ ಉಜ್ಜಿದೆ, ಅರ್ಧ ದಿನ ತಡೆಯಿತು. ಈಗ ಇನ್ನೊಂದು ವಸ್ತು ಬಳಸುತ್ತೇನೆ, ಇಡೀ ದಿನ ತಡೆಯುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎರಡು ತಂಡದಲ್ಲಿ ದುಡ್ಡು ಕಳೆದುಕೊಂಡವನಿಗೆ ಅಷ್ಟಾದರೂ ಉಳಿಯಲಿ. ಕಾಲಿಗೆ ಹಿಮ ನುಗ್ಗದಂತೆ ಕಟ್ಟುವ ಗೇಟರ್ ಮಾತ್ರ ಹೇಳುತ್ತೇನೆ: ಅಂಗಡಿಯಲ್ಲಿ 900 ಕೇಳುತ್ತಾರೆ, ನಾನು ಸೂಪರ್ ಮಾರ್ಕೆಟ್ ಹತ್ತಿರದ ಟೇಲರ್‌ನಿಂದ ರೇನ್‌ಕೋಟ್ ಬಟ್ಟೆಯಲ್ಲಿ ಜೋಡಿಗೆ 120ಕ್ಕೆ ಹೊಲಿಸಿದೆ. ಎಲಾಸ್ಟಿಕ್ ಎರಡು ಸುತ್ತು ಹಾಕಿಸಿ, ಒಂದು ಸುತ್ತು ನಿಲ್ಲುವುದಿಲ್ಲ.

ಮೂರನೆಯ ತಂಡದ ಲೆಕ್ಕ, ನೆನಪಿದ್ದಷ್ಟು. ತಲೆಗೆ ತೆಗೆದುಕೊಂಡದ್ದು 24,500. ರೈಲು ಹೋಗಿ ಬರಲು ನಾಲ್ಕು ಸಾವಿರ, ವೋಲ್ವೊ ಮೂರು, ವಸತಿ ಮತ್ತು ಊಟ ಏಳೂವರೆ, ಸ್ನೋಶೂ, ಕೋಲು, ಜಾಕೆಟ್ ಬಾಡಿಗೆ ಮೂರು, ಗೈಡ್ ಮತ್ತು ಜೀಪು ಮೂರರ ಮೇಲೆ, ಚಿಲ್ಲರೆ ಒಂದು. ಹದಿನಾಲ್ಕು ಜನದಿಂದ ಕೈಯಲ್ಲಿ ಉಳಿದದ್ದು 41 ಸಾವಿರ. ಕಾಶಿ ಪ್ರವಾಸದಲ್ಲಿ ಇಷ್ಟು ಗಳಿಸಲು ಒಂದು ಇಡೀ ಬೋಗಿ ತುಂಬಿಸಬೇಕು. 2025ರಲ್ಲಿ ಎರಡು ತಂಡ ಒಯ್ದೆ, ಮೊದಲ ಎರಡು ತಂಡದ ನಷ್ಟ ಮುಟ್ಟಿ ಮೇಲೊಂದಿಷ್ಟು ಉಳಿಯಿತು. ಆ ವರ್ಷದ ಎರಡನೆಯ ತಂಡದಲ್ಲಿ ಆ 104 ಕಿಲೊ ಸಾಹುಕಾರರು ಮತ್ತೆ ಬಂದಿದ್ದರು. ಈಗ 97, ಜೋಡಿ 30 ಇಂಚಿನದು, ಹೋಳಿಗೆ ಮಾತ್ರ ಅದೇ.

ತಾರೀಖು ಹೇಗೆ ಆರಿಸುತ್ತೇನೆ, ಸ್ನೋಶೂ ಯಾರಿಂದ ತರುತ್ತೇನೆ ಎಂದು ಕೇಳಬೇಡಿ. ಹೊಟ್ಟಿನ ಉಪಾಯ ಮಾತ್ರ ಎಲ್ಲರೂ ಮಾಡಿ ನೋಡಬಹುದು, ಯಾದಗಿರಿ, ಬೀದರ ಕಡೆಯವರಿಗೂ ತೊಗರಿಗೆ ಕೊರತೆ ಇಲ್ಲ. ಆದರೆ ಮೊದಲೇ ಮಾತಾಡಿಕೊಳ್ಳಿ. ನಮ್ಮ ಭಾವನವರು ಈ ವರ್ಷ ಗಾಡಿಗೆ ಐನೂರರಂತೆ ಹೊಟ್ಟಿನ ಬಾಡಿಗೆ ಕೇಳುತ್ತಿದ್ದಾರೆ. ಅದು ಬೇಡವೆಂದರೆ ತಮ್ಮನ್ನೂ ಅಕ್ಕನನ್ನೂ ಸೇಥನ್‌ಗೆ ಪುಕ್ಕಟೆ ಕರೆದುಕೊಂಡು ಹೋಗಬೇಕಂತೆ.